ಇಟ್ಟುಕೊಂಡವ ಹೊತ್ತು ತಿರುಗಬೇಕು

ನನ್ನ ಮೊಮ್ಮಗಳಿಗೆ ಈಗ ಐದು ತಿಂಗಳು. ಕೈಗೆ ಸಿಕ್ಕಿದ್ದನ್ನು ಬಿಡುವುದಿಲ್ಲ. ನನ್ನ ಕನ್ನಡಕ ಹಿಡಿದಳೆಂದರೆ ಅದು ಅವಳದು. ಮೀಸೆ ಹಿಡಿದಳೆಂದರೆ ಮೀಸೆಯೂ ಅವಳದೇ. ಅದರ ಹಿಂದಿರುವ ಅಜ್ಜ ಬೇಕಾದರೆ ಜೊತೆಗೆ ಬರಬಹುದು. ಮೊನ್ನೆ ನೋಡಲು ಬಂದ ಪಕ್ಕದ ಮನೆಯ ಹೆಣ್ಣುಮಗಳ ಕೊರಳ ಸರ ಹಿಡಿದು ಜಗ್ಗಿದ್ದಕ್ಕೆ ಆಕೆ ಇನ್ನೇನು ತೊಟ್ಟಿಲೊಳಗೇ ಬೀಳುವವಳಿದ್ದಳು. ಬೆರಳು ಒಂದೊಂದಾಗಿ ಬಿಡಿಸಬೇಕು. ಐದನೆಯದನ್ನು ಬಿಡಿಸುವಷ್ಟರಲ್ಲಿ ಮೊದಲನೆಯದು ಮತ್ತೆ ಮುಚ್ಚಿರುತ್ತದೆ.

“ನಿಮ್ಮ ರಕ್ತ ಐತಲ್ಲ,” ಅಂದಳು ನನ್ನ ಹೆಂಡತಿ. “ಬಸ್ಸಿನ್ಯಾಗ ಸಿಕ್ಕಿದ್ದು ನೀವರ ಬಿಟ್ಟಿದ್ರೇನು?”

ಬೇರೆ ದಿನವಾಗಿದ್ದರೆ ನಾನು ಸಿಟ್ಟಿಗೇಳುತ್ತಿದ್ದೆ. ಆದರೆ ಮಗಳ ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಮನೆಗೆ ಬಂದ ಕೂಸು ಇದು. ಈಗ ನನ್ನನ್ನು ಯಾರು ಏನು ಅಂದರೂ ನನಗೆ ನಗುವೇ ಬರುತ್ತದೆ. ಹಾಲು ಹಾಕುವವ ನೀರು ಬೆರೆಸಿ ತಂದರೂ ‘ಇರಲಿ ಬಿಡಪಾ, ಕೂಸು ಹುಟ್ಟೇತಿ’ ಅನ್ನುತ್ತೇನೆ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಅವನೂ ಕೇಳಿಲ್ಲ, ನಾನೂ ಹೇಳಿಲ್ಲ.

ಆದರೆ ಹೆಂಡತಿ ಆಡಿದ ಮಾತಿಗೆ ನಮ್ಮ ಕಂಟ್ರೋಲರ್ ನೆನಪಾದರು. ಅವರು ಬದುಕಿದ್ದರೆ ಈ ಕೂಸಿಗೂ ಶಿಕ್ಷೆ ಕೊಡುತ್ತಿದ್ದರು. ಕನ್ನಡಕ ಹಿಡಿದದ್ದಕ್ಕೆ ಇಡೀ ದಿನ ಕನ್ನಡಕ ಹಾಕಿಕೊಂಡು ತೊಟ್ಟಿಲಲ್ಲಿ ಮಲಗಬೇಕು ಅಂತ.

ನಾನು ನಾಲ್ಕನೇ ಇಯತ್ತೆಯವರೆಗೆ ಓದಿದವ. ಬಸ್ಸಿನ ಬೋರ್ಡು ಓದಲು, ಸಹಿ ಹಾಕಲು ಅಷ್ಟು ಸಾಕಾಯಿತು. ಮೂವತ್ತು ವರ್ಷ ಡ್ರೈವರ್ ಆಗಿದ್ದೆ. ಅದರಲ್ಲಿ ಹೆಚ್ಚಿನ ವರ್ಷ ಈ ಮನುಷ್ಯ ನಮ್ಮ ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಯಾವ ಸ್ಟ್ಯಾಂಡು ಅಂತ ಬರೆಯುವುದಿಲ್ಲ. ಬರೆದರೆ ಅಲ್ಲಿ ಈಗ ಕೂತಿರುವವರು ನನಗೆ ಕೂಡ್ರಲು ಜಾಗ ಕೊಡುವುದಿಲ್ಲ. ಹೆಸರನ್ನೂ ಬರೆಯುವುದಿಲ್ಲ. ಅವರ ಹೆಸರನ್ನು ನಾವು ಯಾರೂ ಕರೆದವರೇ ಅಲ್ಲ. ಎದುರಿಗೆ ‘ಸಾಹೇಬ್ರ’, ಬೆನ್ನ ಹಿಂದೆ ‘ಜಡ್ಜ್’.

ಆಳು ಕಡ್ಡಿಯ ಹಾಗೆ. ಅಂಗಿಗೆ ಎಂಥ ಇಸ್ತ್ರಿ ಅಂದರೆ ಅವರು ಬಗ್ಗಿದರೂ ಅಂಗಿ ಬಗ್ಗುತ್ತಿರಲಿಲ್ಲ. ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅಲ್ಲಿ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಮೈಕಿನ ಮುಂದೆ ಕೂತರೆ ಆ ಮನುಷ್ಯನ ಧ್ವನಿಯೇ ಬೇರೆ. ಮನೆಯಲ್ಲಿ ಹೆಂಡತಿಗೆ ಚಹಾ ಕೇಳುವಾಗಲೂ ‘ದಯಮಾಡಿ ಗಮನಿಸಬೇಕು’ ಅನ್ನುತ್ತಾರೆ ಅಂತ ನಾವು ಚೇಷ್ಟೆ ಮಾಡುತ್ತಿದ್ದೆವು.

ಒಮ್ಮೆ ಮಧ್ಯಾಹ್ನ ಊಟವಾದ ಮೇಲೆ ಮೈಕು ಬಂದ್ ಮಾಡದೆ ಹಾಗೇ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟರು. ಅವರ ಗೊರಕೆ ಇಡೀ ಸ್ಟ್ಯಾಂಡಿಗೆ ಕೇಳತೊಡಗಿತು. ಗಂಟು ಹೊತ್ತು ನಿಂತಿದ್ದ ಹಳ್ಳಿಯ ಮುದುಕನೊಬ್ಬ ಬಹಳ ಹೊತ್ತು ಕಿವಿಗೊಟ್ಟು ಕೇಳಿ ನನ್ನ ಹತ್ತಿರ ಬಂದ.

“ಡ್ರೈವರ್ ಸಾಹೇಬ್ರ, ಇದು ಯಾವ ಊರಿಗಿ ಹೊಂಟ ಗಾಡೀರಿ?”

ಇನ್ನು ಶಿಕ್ಷೆಯ ವಿಷಯಕ್ಕೆ ಬರುತ್ತೇನೆ.

ಬಸ್ಸಿನಲ್ಲಿ ಜನ ಏನೇನು ಬಿಟ್ಟುಹೋಗುತ್ತಾರೆ ಅಂತ ಬಸ್ಸಿನವರಿಗೆ ಮಾತ್ರ ಗೊತ್ತು. ಕೊಡೆ, ಬುತ್ತಿ, ಒಂದೇ ಕಾಲಿನ ಚಪ್ಪಲಿ, ದೇವರ ಫೋಟೋ. ಸಿಕ್ಕಿದ್ದನ್ನು ತಂದು ಒಪ್ಪಿಸಬೇಕು ಅನ್ನುವುದು ಕಾಯಿದೆ. ಆದರೆ ಕೈಗೆ ಸಿಕ್ಕ ಹೊಸ ಕೊಡೆ ಕಾಯಿದೆಗಿಂತ ಗಟ್ಟಿ ಇರುತ್ತದೆ. ನಾವು ಕಳ್ಳರಲ್ಲ, ಕಿಸೆಗೆ ಕೈ ಹಾಕಿದವರಲ್ಲ. ಆದರೆ ತಾನಾಗಿ ಬಂದು ಸೀಟಿನ ಮೇಲೆ ಕೂತದ್ದನ್ನು ಹೋಗು ಅನ್ನುವಷ್ಟು ಒಳ್ಳೆಯವರೂ ಅಲ್ಲ.

ಇಂಥವರನ್ನು ಕಂಟ್ರೋಲರ್ ನಡಿಗೆಯಿಂದಲೇ ಹಿಡಿಯುತ್ತಿದ್ದರು. “ಕೈಯಾಗ ಏನೂ ಇಲ್ಲದಾವ ಸೀದಾ ಚಾದಂಗಡಿಗೆ ಹೋಗತಾನ. ಏನರ ಇಟ್ಕೊಂಡಾವ ನನ್ನ ಕಿಡಕಿ ತಪ್ಪಿಸಿ, ಮೂತ್ರಿಖಾನಿ ಸುತ್ತ ಹಾಕಿ ಹೋಗತಾನ,” ಅನ್ನುತ್ತಿದ್ದರು. ಆಮೇಲೆ ಮೈಕಿನಲ್ಲಿ, ಗಾಡಿ ಹೊರಡುವುದನ್ನು ಹೇಳುವ ಧಾಟಿಯಲ್ಲೇ ಕೂಗುತ್ತಿದ್ದರು: “ಪ್ರಯಾಣಿಕರು ಗಮನಿಸಬೇಕು. ಶಿರಹಟ್ಟಿ ಗಾಡಿಯ ನಿರ್ವಾಹಕರು ಕೂಡಲೇ ನಿಯಂತ್ರಕರ ಕೊಠಡಿಗೆ ಬರಬೇಕು. ಬರುವಾಗ ಅಂಗಿಯೊಳಗಿನ ಕೊಡೆಯನ್ನೂ ತರಬೇಕು.”

ಮೇಲಿನವರಿಗೆ ಅವರು ಬರೆಯುತ್ತಿರಲಿಲ್ಲ. ಬರೆದಿದ್ದರೆ ನಮ್ಮ ನೌಕರಿಗೆ ಕುತ್ತು. “ಬರದರ ಕಾಗದ ತಿರಗತೈತಿ, ಸಾಮಾನು ಅಲ್ಲೇ ಕೊಳೀತೈತಿ,” ಅಂತ ಅವರ ವಾದ. ಅದಕ್ಕೆ ತಮ್ಮದೇ ಒಂದು ಕಾಯಿದೆ ಮಾಡಿಕೊಂಡಿದ್ದರು. ಒಂದೇ ಸಾಲಿನದು: ಇಟ್ಟುಕೊಂಡವ ಹೊತ್ತು ತಿರುಗಬೇಕು. ಯಾವ ಸಾಮಾನು ಇಟ್ಟುಕೊಂಡಿದ್ದಿಯೋ ಅದನ್ನು ಎಲ್ಲರಿಗೂ ಕಾಣುವ ಹಾಗೆ ಮೈಮೇಲೆ ಹೊತ್ತು, ಸಿಕ್ಕ ಗಾಡಿಯಲ್ಲೇ, ಮಾಲಕರು ಗುರುತು ಹಿಡಿಯುವವರೆಗೆ ತಿರುಗಬೇಕು.

ಆ ಶಿರಹಟ್ಟಿ ಗಾಡಿಯ ಕಂಡಕ್ಟರ್ ಕೊಡೆಯನ್ನು ಅಂಗಿಯ ಕಾಲರಿಗೆ ನೇತುಹಾಕಿಕೊಂಡು ಬೇಸಿಗೆಯೆಲ್ಲ ಟಿಕೆಟ್ ಹರಿದ. ಹತ್ತಿದವರೆಲ್ಲ “ಏನಪಾ, ಮಳಿ ಬರತೈತೇನು?” ಅಂತ ಕೇಳುವವರೇ. ಖರೆ ಮಳೆ ಬಂದ ದಿನವೇ ಮಾಲಕರು ಸಿಕ್ಕರು. ಹಿರೇವಡ್ಡಟ್ಟಿಯ ಒಬ್ಬ ಹಳೆಯ ಮಾಸ್ತರು. ಬೆನ್ನ ಹಿಂದಿನಿಂದ ಕೊಡೆ ತಗೊಂಡು, ಬಿಚ್ಚಿ, ಇಳಿದು ಹೋದರು. ಕಂಡಕ್ಟರ್ ತೊಯ್ದುಕೊಂಡು ಬಂದ.

ಇನ್ನೊಬ್ಬ ಡ್ರೈವರ್ ಒಂದು ಡಬ್ಬಿ ಶೇಂಗಾದ ಉಂಡಿ ಇಟ್ಟುಕೊಂಡಿದ್ದ. ಇಟ್ಟುಕೊಂಡದ್ದಲ್ಲ, ತಿಂದುಬಿಟ್ಟಿದ್ದ. ತಿಂದದ್ದನ್ನು ಹೊತ್ತು ತಿರುಗುವುದು ಹೇಗೆ? ಕಂಟ್ರೋಲರ್ ಒಂದು ದಿನ ವಿಚಾರ ಮಾಡಿ ತೀರ್ಪು ಕೊಟ್ಟರು: ಅಷ್ಟೇ ಉಂಡಿ ಮಾಡಿಸಿ, ಅದೇ ಗಾಡಿಯಲ್ಲಿ ಹಂಚಬೇಕು. ಡ್ರೈವರನ ಹೆಂಡತಿ ಉಂಡಿ ಕಟ್ಟಿದಳು. ಆದರೆ ಗಂಡನ ಕೈಗೆ ಡಬ್ಬಿ ಕೊಡಲಿಲ್ಲ. ತಾನೇ ಬಂದು ಗಾಡಿ ಹತ್ತಿ, ಸೀಟು ಸೀಟಿಗೆ ಹೋಗಿ ಕೊಟ್ಟಳು. “ತಗೋರಿ ಯಕ್ಕಾ, ನನ್ನ ಗಂಡ ಯಾರದೋ ತಿಂದಾನ, ಅದಕ್ಕ ನಾ ಕಟ್ಟೀನಿ. ತಗೋರಿ ಅಣ್ಣಾರ, ಅಲ್ಲಿ ಕುಂತಾನ ನೋಡ್ರಿ, ಅವನ. ಗಾಡಿ ಹೊಡಿಯಾವ.” ಆ ದಿನದಿಂದ ಆತ ಉಂಡಿ ಅಂದರೆ ಬ್ರೇಕು ಹಾಕುತ್ತಿದ್ದ.

ಆದರೆ ಎಲ್ಲಕ್ಕಿಂತ ದೊಡ್ಡ ಕೇಸು ಹಲ್ಲಿನದು. ಲಕ್ಷ್ಮೇಶ್ವರ ಗಾಡಿಯಲ್ಲಿ ಒಬ್ಬ ಕಂಡಕ್ಟರನಿಗೆ ಕಸೂತಿ ಹಾಕಿದ ಚಂದದ ಕೈವಸ್ತ್ರ ಸಿಕ್ಕಿತು. ಮಡಚಿದ್ದನ್ನು ಹಾಗೇ ಕಿಸೆಗೆ ಇಳಿಸಿದ. ಒಳಗೆ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು ಇದೆ ಅಂತ ಗೊತ್ತಾದದ್ದು ಮುಖ ಒರೆಸಿಕೊಳ್ಳಲು ತೆಗೆದಾಗ. ಕಂಟ್ರೋಲರ್ ಬಿಡಲಿಲ್ಲ. ಹಲ್ಲು ಅಂಗಿಯ ಕಿಸೆಯಿಂದ ಹೊರಗೆ ಇಣುಕುವ ಹಾಗೆ ಇಟ್ಟುಕೊಂಡು, ಹತ್ತುವ ಹಿರಿಯರಿಗೆಲ್ಲ “ಇವು ನಿಮ್ಮವೇನ್ರಿ?” ಅಂತ ಕೇಳಬೇಕು. ಹಲವರು ಬೈದರು. ಒಬ್ಬ ಅಜ್ಜ ಮಾತ್ರ ಶಾಂತವಾಗಿ ಇಸಿದುಕೊಂಡು, ಧೋತರದ ಚುಂಗಿಗೆ ಒರೆಸಿ, ಬಾಯಿಗೆ ಹಾಕಿ, ಎರಡು ಸಲ ಅಗಿದು, ತೆಗೆದು ಕೊಟ್ಟ.

“ನನ್ನವಲ್ಲ ತಮ್ಮಾ. ಸ್ವಲ್ಪ ಸಡ್ಲ ಆಗತಾವ.”

ಇಷ್ಟೆಲ್ಲ ಹೇಳಿದ್ದಕ್ಕೆ ನಾನು ಅವರ ಭಕ್ತ ಅಂತ ತಿಳಿಯಬೇಡಿ. ಅವರ ನ್ಯಾಯದ ಕೈ ನಮ್ಮಂಥವರವರೆಗೆ ಮಾತ್ರ ಉದ್ದವಿತ್ತು. ಯಾರೂ ಗುರುತು ಹಿಡಿಯದೆ ಉಳಿದ ಸಾಮಾನನ್ನು ಅವರು ಮೇಲಿನ ಆಫೀಸಿನ ಒಂದು ಕೋಣೆಗೆ ಕಳಿಸುತ್ತಿದ್ದರು. ಒಮ್ಮೆ ಒಂದು ಹೊಸ ಮಿಕ್ಸರು, ಡಬ್ಬಿ ಸಮೇತ, ಹಾಗೆ ಹೋಯಿತು. ಎಂಟು ದಿನಕ್ಕೆ ಒಬ್ಬ ಸಾಹೇಬರ ಜೀಪಿನ ಹಿಂದಿನ ಸೀಟಿನಲ್ಲಿ ಅದೇ ಡಬ್ಬಿ, ಮಹಾರಾಣಿ ಕೂತ ಹಾಗೆ ಕೂತು, ನಮ್ಮ ಸ್ಟ್ಯಾಂಡಿನ ಮುಂದೆಯೇ ಹಾದುಹೋಯಿತು. ನಾವೆಲ್ಲ ಕಂಟ್ರೋಲರ್ ಕಿಟಕಿಯ ಕಡೆ ನೋಡಿದೆವು. ಮೈಕು ಸುಮ್ಮನಿತ್ತು.

ನಾನು ಕಿಟಕಿಗೆ ಹೋಗಿ ಕೇಳಿದೆ, “ಸಾಹೇಬ್ರ, ಮೈಕ್ ಕೆಟ್ಟೈತೇನ್ರಿ?”

ಅವರು ದಾರದ ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಮರುದಿನ ಒಂದು ಕಬ್ಬಿಣದ ಟ್ರಂಕು ತಂದು ತಮ್ಮ ಮೇಜಿನ ಕೆಳಗೆ ಇಟ್ಟರು. ಅಂದಿನಿಂದ ಉಳಿದ ಸಾಮಾನು ಮೇಲೆ ಹೋಗಲಿಲ್ಲ. ಆ ಟ್ರಂಕಿಗೆ ಹೋಯಿತು. ಮೈಕಿನಲ್ಲಿ ಹೇಳುವಷ್ಟು ಧೈರ್ಯ ಇರಲಿಲ್ಲ, ಟ್ರಂಕು ಕೊಳ್ಳುವಷ್ಟು ಇತ್ತು.

ಈಗ ನನ್ನ ಕೇಸು.

ಎಂಟು ವರ್ಷದ ಹಿಂದಿನ ಮಾತು. ನನ್ನ ಮಗಳು ಶಿವಲೀಲಾಳನ್ನು ಬೆಟಗೇರಿಗೆ ಕೊಟ್ಟು ಆಗಲೇ ನಾಲ್ಕು ವರ್ಷವಾಗಿತ್ತು. ಕೂಸು ಇರಲಿಲ್ಲ. ಬೀಗರ ಮನೆಯವರು ಏನೂ ಅಂದಿರಲಿಲ್ಲ. ಆದರೆ ಏನೂ ಅನ್ನದೆ ಇರುವುದರಲ್ಲೂ ಒಂದು ಧಾಟಿ ಇರುತ್ತದಲ್ಲ, ಅದು ಶುರುವಾಗಿತ್ತು. ಒಂದು ಮುಂಜಾನೆ ಹಮ್ಮಿಗಿಯಿಂದ ಗಾಡಿ ತಂದು ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆ. ಎಲ್ಲರೂ ಇಳಿದರು. ಎರಡನೆಯ ಸೀಟಿನ ಮೇಲೆ ಒಂದು ಕುಂಚಿಗೆ ಇತ್ತು. ಕೂಸಿನ ತಲೆಗೆ ಹಾಕಿ ಬೆನ್ನ ಮೇಲೆ ಇಳಿಬಿಡುತ್ತಾರಲ್ಲ, ಅದು. ಕೆಂಪು ಖಣ, ಇಳಕಲ್ ಸೀರೆಯ ಅಂಚು, ಸಣ್ಣ ಸಣ್ಣ ಕನ್ನಡಿ. ಒಳಗೆ ಹಳೆಯ ಬಿಳಿ ಬಟ್ಟೆಯ ಮೆತ್ತನೆಯ ಅಸ್ತರು. ಇನ್ನೂ ಯಾವ ಕೂಸೂ ಹಾಕಿಕೊಂಡಿರದ ಹೊಸ ಕುಂಚಿಗೆ.

ನಾನು ಅದನ್ನು ಕದಿಯಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಇದು ಶಕುನ ಅಂದುಕೊಂಡೆ. ದೇವರು ನನ್ನ ಮಗಳಿಗೆ ಕೂಸು ಕೊಡುವವನಿದ್ದಾನೆ, ಮೊದಲು ಕುಂಚಿಗೆ ಕಳಿಸಿದ್ದಾನೆ. ದೇವರು ಇನ್ನೊಬ್ಬರ ಗಂಟಿನಿಂದ ತೆಗೆದು ಕಳಿಸುತ್ತಾನೆಯೇ ಅಂತ ಆಗ ಹೊಳೆಯಲಿಲ್ಲ. ಅಂಗಿಯೊಳಗೆ ಇಟ್ಟುಕೊಂಡು ಚಹಾದ ಅಂಗಡಿಗೆ ಹೊರಟೆ. ಮೂತ್ರಿಖಾನೆಯ ಸುತ್ತು ಹಾಕಿದೆ.

ಮೈಕು ಅಂದಿತು: “ಹಮ್ಮಿಗಿ ಗಾಡಿಯ ಚಾಲಕರು ಬರಬೇಕು. ಹೊಟ್ಟೆ ಒಮ್ಮೆಲೇ ಯಾಕೆ ಮುಂದೆ ಬಂದಿದೆ ಅಂತ ಪ್ರಯಾಣಿಕರಿಗೆ ತಿಳಿಸಬೇಕು.”

ಇಡೀ ಸ್ಟ್ಯಾಂಡು ನಕ್ಕಿತು. ನನಗೆ ಸಿಕ್ಕ ಶಿಕ್ಷೆ: ಕುಂಚಿಗೆಯನ್ನು ಗಾಡಿಯ ಒಳಗೆ, ನನ್ನ ತಲೆಯ ಮೇಲಿನ ಕನ್ನಡಿಗೆ ನೇತುಹಾಕಿ, ಹಮ್ಮಿಗಿ ಗಾಡಿಯನ್ನೇ ಹೊಡೆಯಬೇಕು. ಮಗಳ ವಿಷಯ ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಬಿಡುತ್ತಿದ್ದರೋ ಏನೋ. ಮಗಳ ದುಃಖ ತೋರಿಸಿ ಬಿಡಿಸಿಕೊಳ್ಳುವುದು ಬೇಡ ಅಂತಲೇ ಹೇಳಲಿಲ್ಲ.

ನಲವತ್ತು ದಿನ ಆ ಕುಂಚಿಗೆ ನನ್ನ ಕಣ್ಣ ಮುಂದೆ ತೂಗಿತು. ಹೆಣ್ಣುಮಕ್ಕಳು ಹತ್ತುವಾಗಲೇ ಕೇಳುತ್ತಿದ್ದರು, “ಏನ್ ಡ್ರೈವರ್ ಮಾಮಾ, ಎಷ್ಟು ತಿಂಗಳಾತು?” ಗಂಡಸರು, “ಹುಳಿ ತಿನ್ನಂಗ ಆಗತೈತೇನು?” ಅಂತ. ನಾನು ಹಾರ್ನ್ ಹೊಡೆಯುತ್ತಿದ್ದೆ. ಮಾಲಕರು ಮಾತ್ರ ಬರಲಿಲ್ಲ.

ನಲವತ್ತನೆಯ ದಿನ ಶಿವಲೀಲಾ ಹತ್ತಿದಳು. ಪಂಚಮಿಗೆ ತವರಿಗೆ ಬಂದಿದ್ದಳು. ಹಮ್ಮಿಗಿಯಲ್ಲಿ ನನ್ನ ತಂಗಿ ಇದ್ದಾಳೆ, ಅಲ್ಲಿಗೆ ಹೊರಟಿದ್ದಳು. ನನಗೆ ಹೇಳಿರಲಿಲ್ಲ. ಮುಂದಿನ ಸೀಟಿನಲ್ಲಿ ಕೂತಳು. ಕುಂಚಿಗೆ ನೋಡಿದಳು. ಅವಳ ಪಕ್ಕ ಕೂತಿದ್ದ ಹೆಂಗಸಿಗೆ ಇವಳು ನನ್ನ ಮಗಳು ಅಂತ ಗೊತ್ತಿರಲಿಲ್ಲ.

“ಡ್ರೈವರಗ ಮಗಳದಾಳಂತ, ಮಕ್ಕಳಾಗಿಲ್ಲಂತ. ಅದಕ್ಕ ಇವ ಮಂದಿ ಕೂಸಿನ ಕುಂಚಿಗಿ ಎತ್ಕೊಂಡಾನಂತ ನೋಡವಾ,” ಅಂದಳು ಆಕೆ.

ನಾನು ಯಾರಿಗೂ ಹೇಳಿರಲಿಲ್ಲ. ಆದರೂ ಊರಿಗೆಲ್ಲ ಗೊತ್ತಿತ್ತು. ಕನ್ನಡಿಯಲ್ಲಿ ನನಗೆ ಮಗಳ ಮುಖ ಕಾಣುತ್ತಿತ್ತು, ಅದರ ಮೇಲೆ ಕುಂಚಿಗೆ ಅತ್ತಿತ್ತ ಆಡುತ್ತಿತ್ತು. ಅವಳು ಅಳಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟಳು. ಅಲ್ಲಿ ಅವಳಿಗೆ ಯಾರೂ ಇರಲಿಲ್ಲ. ಬರೀ ಒಂದು ಬೇವಿನ ಗಿಡ ಇತ್ತು.

ಗಾಡಿ ವಾಪಸ್ ತಂದವನೇ ಕುಂಚಿಗೆ ಬಿಚ್ಚಿ ಕಂಟ್ರೋಲರ್ ಮೇಜಿನ ಮೇಲೆ ಒಗೆದೆ. “ನನ್ನಿಂದ ಆಗೂದಿಲ್ಲರಿ. ನೀವು ಮ್ಯಾಲೆ ಬರೀರಿ, ನೌಕರಿ ಹೋದರ ಹೋಗಲಿ,” ಅಂದೆ. ನಡೆದದ್ದನ್ನೂ ಹೇಳಿದೆ.

ಅವರು ಮೈಕಿನ ಗುಂಡಿ ಬಂದ್ ಇದೆಯೋ ಇಲ್ಲವೋ ಅಂತ ಮೊದಲು ನೋಡಿದರು. ಆಮೇಲೆ ಕುಂಚಿಗೆಯನ್ನು ಎತ್ತಿ, ಧೂಳು ಜಾಡಿಸಿ, ಮಡಚಿ ಟ್ರಂಕಿನಲ್ಲಿ ಇಟ್ಟರು.

“ಉಳಿದ ಶಿಕ್ಷಾ ಬಾಕಿ ಇರ್ಲಿ,” ಅಂದರು. ಅಷ್ಟೇ. ಅವರ ಬಾಯಿಂದ ನಾನು ಕೇಳಿದ ಎಲ್ಲಕ್ಕಿಂತ ಸಣ್ಣ ತೀರ್ಪು ಅದು. ನನಗೆ ಮಾತ್ರ ಅವರ ಮೇಲಿನ ಸಿಟ್ಟು ಹೋಗಲಿಲ್ಲ.

ಮರುವರ್ಷ ಅವರು ನಿವೃತ್ತರಾದರು. ಹಾರ, ಶಾಲು, ಫಳಾರ ಎಲ್ಲ ಆಯಿತು. ಸಮಾರಂಭ ಮುಗಿದ ಮೇಲೆ ನೋಡಿದರೆ ಟ್ರಂಕನ್ನು ಒಂದು ಟಂಟಂ ರಿಕ್ಷಾಕ್ಕೆ ಏರಿಸುತ್ತಿದ್ದಾರೆ! ಗದುಗಿನ ಹತ್ತಿರದ ಅಸುಂಡಿ ಅವರ ಊರು, ಅಲ್ಲಿಗೆ ಒಯ್ಯುತ್ತಿದ್ದರು. ನಮಗಾದ ಖುಷಿ ಹೇಳತೀರದು. ಕೊಡೆಯ ಕಂಡಕ್ಟರ್ ಚಪ್ಪಾಳೆ ತಟ್ಟಿದ. ಹಲ್ಲಿನ ಕಂಡಕ್ಟರ್, “ನೋಡ್ರಲೇ, ನಾವು ಒಂದೊಂದು ಇಟ್ಕೊಂಡ್ವಿ, ಈ ಜಡ್ಜ್ ಇಡೀ ಟ್ರಂಕಾ ಇಟ್ಕೊಂಡ,” ಅಂದ. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಒಂದು ತಿಂಗಳಾಗಿರಬೇಕು. ಹಮ್ಮಿಗಿ ಗಾಡಿಗೆ ಒಬ್ಬ ಮನುಷ್ಯ ಹತ್ತಿದ. ಹೆಗಲಿಗೆ ಹೆಣ್ಣುಮಕ್ಕಳ ವ್ಯಾನಿಟಿ ಬ್ಯಾಗು, ಕೊರಳಿಗೆ ಯಾವುದೋ ಶಾಲೆ ಹುಡುಗನ ನೀರಿನ ಬಾಟ್ಲಿ, ಕಂಕುಳಲ್ಲಿ ದೇವರ ಫೋಟೋ, ತಲೆಯ ಮೇಲೆ ಕೆಂಪು ಕುಂಚಿಗೆ. ಕೂಸಿನ ಕುಂಚಿಗೆ ದೊಡ್ಡವರ ತಲೆಗೆ ಎಲ್ಲಿ ಆದೀತು? ಮೇಲೆ ಟೊಪ್ಪಿಗೆಯ ಹಾಗೆ ಕೂತಿತ್ತು. ದಾರದ ಕನ್ನಡಕ ನೋಡಿ ಗುರುತು ಹಿಡಿದೆ.

“ಸಾಹೇಬ್ರ, ಇದೇನ್ರಿ ವೇಷ?” ಅಂದೆ.

“ವೇಷ ಅಲ್ಲೋ. ಕಾಯಿದೆ,” ಅಂದರು. “ಆವಾಗ ಇಟ್ಕೊಂಡವರು ನೀವು. ಈಗ ಇಟ್ಕೊಂಡಾವ ನಾ. ಟ್ರಂಕಿನ್ಯಾಗಿಟ್ಟರೂ ಇಟ್ಕೊಂಡಂಗ. ಹೊತ್ತು ತಿರಗಬೇಕಲ್ಲ.” ಆಮೇಲೆ ಕಂಡಕ್ಟರನ ಕಡೆ ತಿರುಗಿ, “ಒಂದು ಹಮ್ಮಿಗಿ. ಪಾಸ್ ಇಲ್ಲ, ಟಿಕೆಟ್ ಕೊಡಪಾ,” ಅಂದರು.

ಬಸ್ಸಿನ ಜನ ನಕ್ಕು ನಕ್ಕು ಸುಸ್ತಾದರು. ಅವರು ಎಂಜಿನ್ನಿನ ಹತ್ತಿರ ನಿಂತು, ಮೈಕಿನ ಧ್ವನಿಯಲ್ಲೇ, “ಪ್ರಯಾಣಿಕರು ಗಮನಿಸಬೇಕು,” ಅಂತ ಶುರು ಮಾಡಿದರು. ಅರಳು ಮರಳು ಅಂದರು ಕೆಲವರು. ನಾನೂ ಅಂದೆ. ವಾರಕ್ಕೆ ಎರಡು ದಿನ ಲಕ್ಷ್ಮೇಶ್ವರ, ಎರಡು ದಿನ ಶಿರಹಟ್ಟಿ, ಒಂದು ದಿನ ನನ್ನ ಗಾಡಿ. ವರ್ಷ ವರ್ಷಕ್ಕೆ ಮೈಮೇಲಿನ ಸಾಮಾನು ಕಡಿಮೆಯಾಗುತ್ತ ಬಂತು. ಗುರುತು ಹಿಡಿದವರಿಗೆ ಬಾಟ್ಲಿ ಹೋಯಿತು. ಬ್ಯಾಗು ಹೋಯಿತು. ನಾನು ನಿವೃತ್ತನಾಗುವ ಹೊತ್ತಿಗೆ ತಲೆಯ ಮೇಲಿನ ಕುಂಚಿಗೆ ಒಂದೇ ಉಳಿದಿತ್ತು. ಅದನ್ನು ನೋಡಿದಾಗೆಲ್ಲ ನಾನು ರಸ್ತೆ ನೋಡುತ್ತಿದ್ದೆ.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನನಗೆ ತಿಳಿಯುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅಸುಂಡಿಗೆ ಹೋದೆ. ಅವರ ಹೆಂಡತಿ ಟ್ರಂಕು ತೆಗೆದು ತೋರಿಸಿದರು. ಖಾಲಿ ಟ್ರಂಕಿನ ತಳದಲ್ಲಿ ಕುಂಚಿಗೆ ಒಂದೇ, ಅದಕ್ಕೆ ಪಿನ್ನು ಹಾಕಿದ ಒಂದು ಚೀಟಿ. ಕೆಂಪು ಅಕ್ಷರ: ‘ಹಮ್ಮಿಗಿ ಗಾಡಿ, ಎರಡನೇ ಸೀಟು.’ ಕೆಳಗೆ ನನ್ನ ಹೆಸರು. ಅದರ ಕೆಳಗೆ, ‘ಶಿಕ್ಷೆ ಬಾಕಿ.’

“ನಿಮಗ ಕೊಡು ಅಂದಿದ್ರು,” ಅಂದರು ಆ ತಾಯಿ. “ಈಗ ಬ್ಯಾಡ, ಅವ ತಾನಾಗಿ ಬರತಾನ, ಆವಾಗ ಕೊಡು ಅಂದಿದ್ರು. ಯಣ್ಣಾ, ಒಂದು ಮಾತು ಕೇಳತೀನಿ, ಖರೆ ಹೇಳ್ರಿ. ಅವರು ಅದನ್ನ ತಲಿಮ್ಯಾಲೆ ಹಾಕ್ಕೊಂಡ್ರ ಮಂದಿ ಭಾಳ ನಗತಿದ್ರೇನು?”

“ಇಲ್ಲರಿ ಅವ್ವಾರ,” ಅಂದೆ. “ಯಾರೂ ನಗತಿದ್ದಿಲ್ಲ.”

ಇದು ನಾನು ಹೇಳಿದ ಸುಳ್ಳು. ಮಾಫಿ ಇರಲಿ.

ಆ ವಾರವೇ ಬೆಟಗೇರಿಯಿಂದ ಖಬರು ಬಂತು, ಶಿವಲೀಲಾಳಿಗೆ ಮೂರು ತಿಂಗಳು ಅಂತ. ನಾನು ಕೂತಲ್ಲೇ ಮತ್ತೆ ಕೂತೆ. ದಿನ ತುಂಬಿ ಕೂಸು ಹುಟ್ಟಿದ ಮೇಲೆ ಕುಂಚಿಗೆಯನ್ನೂ ಚೀಟಿಯನ್ನೂ ಮಗಳ ಮುಂದೆ ಇಟ್ಟು ಎಲ್ಲ ಹೇಳಿದೆ. ಬೇವಿನ ಗಿಡದ ಮಾತನ್ನೂ ಬಿಡಲಿಲ್ಲ. ಅವಳು ಕುಂಚಿಗೆಯನ್ನು ತೊಳೆದು, ಒಣಗಿಸಿ, ಕೂಸಿನ ತಲೆಗೆ ಹಾಕಿದಳು.

“ಹೊತ್ತು ತಿರಗಬೇಕಲ್ಲಪ್ಪಾ ನೀನು? ತಿರಗು,” ಅಂದಳು. “ಕುಂಚಿಗಿ ಹೊರು. ಒಳಗ ಈಕಿನ್ನೂ ಹೊರು.”

ಇಂಥ ಶಿಕ್ಷೆ ಯಾರಿಗುಂಟು! ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ವಾರಕ್ಕೊಂದು ದಿನ ನಾನೂ ಮಗಳೂ ಕೂಸನ್ನು ಕರೆದುಕೊಂಡು ಹಮ್ಮಿಗಿ ಗಾಡಿ ಹತ್ತುವುದು, ತಂಗಿಯ ಮನೆಯಲ್ಲಿ ಉಂಡು ವಾಪಸ್ ಬರುವುದು. ಮಗಳು ಹಿಂದೆ ಕೂರುತ್ತಾಳೆ. ನಾನು ಎರಡನೆಯ ಸೀಟಿನಲ್ಲಿ ಕೂಸನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, “ಪ್ರಯಾಣಿಕರು ಗಮನಿಸಬೇಕು,” ಅನ್ನುತ್ತೇನೆ. ಕುಂಚಿಗೆ ಗಮನಿಸಿ ಅಂದರೆ ಎಲ್ಲರೂ ಕೂಸು ನೋಡುತ್ತಾರೆ. ನೋಡಲಿ. ನಾನೇನು ಬೇಡ ಅಂದೆನೇ?

ಹೋದ ಸೋಮವಾರ ಹಮ್ಮಿಗಿಯಲ್ಲಿ ಒಬ್ಬ ಮುದುಕಿ ಹತ್ತಿದಳು. ಮೊಣಕಾಲು ಹಿಡಿದುಕೊಂಡು ಬಂದು ನನ್ನ ಎದುರು ನಿಂತಳು. ಕುಂಚಿಗೆಯನ್ನು ನೋಡಿದಳು, ಕೂಸನ್ನು ನೋಡಲಿಲ್ಲ. ಕೂಸನ್ನು ನೋಡದೆ ಕುಂಚಿಗೆ ನೋಡಿದವಳು ಇವಳೊಬ್ಬಳೇ.

“ಒಳಗ ಬಿಳಿ ಅಸ್ತರ ಐತೇನು?” ಅಂದಳು. “ನನ್ನ ಗಂಡ ತಲಿಗೆ ಸುತ್ತತಿದ್ದ ಪಟಗದ ತುಂಡು ಅದು. ಮೂಲ್ಯಾಗ ಸಣ್ಣ ಸುಟ್ಟ ತೂತು ಇರಬೇಕು. ಬೀಡಿ ಕಿಡಿ ಬಿದ್ದದ್ದು.”

ತೂತು ಇತ್ತು. ಅದು ಅಲ್ಲಿದೆ ಅಂತ ನನಗೆ ಎಂಟು ವರ್ಷದಿಂದ ಗೊತ್ತಿತ್ತು.

ಆಕೆ ಆಗ ಶಿರಹಟ್ಟಿಯ ಮಗಳ ಬಾಣಂತನಕ್ಕೆ ಹೊರಟವಳು. ಗಾಡಿ ಬದಲಿಸುವಾಗ ಕುಂಚಿಗೆ ಮರೆತಳು. ಮೂರು ತಿಂಗಳು ಅಲ್ಲೇ ಉಳಿದಳು. ತಿರುಗಿ ಬರುವಷ್ಟರಲ್ಲಿ ಕುಂಚಿಗೆ ಟ್ರಂಕು ಸೇರಿತ್ತು. ಆಮೇಲೆ ಮೊಣಕಾಲಿನಿಂದಾಗಿ ಬಸ್ಸು ಹತ್ತಿದ್ದೇ ಕಡಿಮೆ. ನಾನು ಎಲ್ಲವನ್ನೂ ಹೇಳಿದೆ. ಇಟ್ಟುಕೊಂಡವ ನಾನೇ ಅಂತಲೂ ಹೇಳಿದೆ.

“ನನ್ನ ಮೊಮ್ಮಗ ಈಗ ಸೈಕಲ್ ಹೊಡೀತಾನ,” ಅಂದಳು ಮುದುಕಿ. “ನಿಮ್ಮ ಕಂಟ್ರೋಲರ್ ಸತ್ತಾರಂತೀರಿ. ಮತ್ಯಾರಿಗೆ ಅಂಜಿ ಹೊತ್ತು ತಿರಗಾಕತ್ತೀರಿ?”

ಈಗ ಈಕೆ ‘ಇರಲಿ ಬಿಡ್ರಿ, ಕೂಸಿಗೇ ಇರಲಿ’ ಅನ್ನುತ್ತಾಳೆ ಅಂತ ನನ್ನ ಒಳಗಿನ ಹಳೆಯ ಡ್ರೈವರ್ ಕಾಯುತ್ತಿದ್ದ. ಅಂದಿದ್ದರೆ ಅವನು ಕೈಮುಗಿದು ಒಪ್ಪಿಬಿಡುತ್ತಿದ್ದ.

“ಬಿಚ್ಚರಿ,” ಅಂದಳು ಮುದುಕಿ. “ಮಗನ ಹೆಂಡ್ತಿಗೆ ದಿನ ಹತ್ರ ಬಂದಾವ.”

ಬಿಚ್ಚಿದೆ. ಕೂಸು ಕುಂಚಿಗೆಯ ತುದಿ ಹಿಡಿದುಕೊಂಡಿತ್ತು. ಬೆರಳು ಒಂದೊಂದಾಗಿ ನಾನೇ ಬಿಡಿಸಿದೆ. ಮುದುಕಿ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಮೊದಲ ಸಲ ಕೂಸಿನ ಕಡೆ ನೋಡಿ, ಬೋಳು ತಲೆಯ ಮೇಲೆ ಕೈಯಾಡಿಸಿ, “ಬಿಸಲಾಗ ತಿರಗಿಸಬ್ಯಾಡ್ರಿ ಹಂಗ, ಬುದ್ಧಿಲ್ಲದ ಮುದುಕ,” ಅಂದಳು.

ಸ್ಟ್ಯಾಂಡಿನಲ್ಲಿ ಇಳಿದವನೇ ಕೂಸನ್ನು ಹೆಗಲಿಗೆ ಹಾಕಿಕೊಂಡು ಕಂಟ್ರೋಲರ್ ಕೋಣೆಗೆ ಹೋದೆ. ಸೀದಾ ಹೋದೆ, ಸುತ್ತು ಹಾಕಲಿಲ್ಲ. ಈಗಿರುವ ಕಂಟ್ರೋಲರ್ ಸಣ್ಣ ವಯಸ್ಸಿನವ. ಹಳೆಯ ಕಥೆ ಕೇಳಿ ಬಲ್ಲವ. ಕಿಸೆಯಲ್ಲಿದ್ದ ಚೀಟಿ ತೋರಿಸಿ, “ಒಂದ ಸಲ ಮೈಕ್ ಕೊಡಪಾ,” ಅಂದೆ. ಕೊಟ್ಟ. ‘ಬಾಕಿ’ ಅನ್ನುವ ಶಬ್ದಕ್ಕೆ ಅವನದೇ ಪೆನ್ನಿನಿಂದ ಅಡ್ಡಗೆರೆ ಎಳೆದೆ. ಮೈಕಿಗೆ ಬಾಯಿಟ್ಟು, “ಪ್ರಯಾಣಿಕರು ಗಮನಿಸಬೇಕು. ಹಮ್ಮಿಗಿ ಗಾಡಿ, ಎರಡನೇ ಸೀಟಿನ ಕುಂಚಿಗೆ ಮಾಲಕರಿಗೆ ಮುಟ್ಟಿದೆ,” ಅಂದೆ. ಯಾರೂ ಗಮನಿಸಲಿಲ್ಲ. ಒಬ್ಬ ಬಾಳೆಹಣ್ಣು ಸುಲಿಯುತ್ತಿದ್ದ, ಸುಲಿದ.

ಅಷ್ಟರಲ್ಲಿ ಮೊಮ್ಮಗಳು ಎರಡೂ ಕೈಯಿಂದ ಮೈಕು ಹಿಡಿದುಕೊಂಡಳು. ಇನ್ನು ಅದು ಅವಳದು. ಬಾಯಿ ಹತ್ತಿರ ಎಳೆದುಕೊಂಡು, “ಊ… ಆಂಗ್… ಬ್ರ್‌ರ್‌ರ್,” ಅಂತ ಶುರು ಮಾಡಿದಳು. ಇಡೀ ಸ್ಟ್ಯಾಂಡಿಗೆ ಕೇಳಿಸಿತು. ಬಾಳೆಹಣ್ಣಿನವ ತಲೆಯೆತ್ತಿದ. ಗಂಟು ಹೊತ್ತ ಒಬ್ಬ ಹೆಂಗಸು ಕಿಟಕಿಯ ಹತ್ತಿರ ಬಂದು ಇಣುಕಿದಳು.

“ಯಣ್ಣಾ, ಇದು ಯಾವ ಊರಿಗಿ ಹೊಂಟ ಗಾಡೀರಿ?”

“ನಮ್ಮ ಗಾಡೀರಿ ಯಕ್ಕಾ,” ಅಂದೆ. “ಈಗಷ್ಟ ಹೊಂಟೈತಿ.”